ಒಂದರ ಬೆನ್ನ ಮೇಲೊಂದು

"ಸತ್ತ ಮೇಲೂ ನನಗೆ ಕೆಲಸ ಹಚ್ತಾ ಇದ್ದೀಯಲ್ಲೋ ಪುಣ್ಯಾತ್ಮ," ಎಂದು ಇಸ್ತ್ರಿ ಗಾಲಿಕುರ್ಚಿಯ ಡಬ್ಬಿಯೊಳಗೆ ಮೂಗು ತೂರಿಸಿ ಗೊಣಗಿದ. ಕುರ್ಚಿಯನ್ನು ನೆಲದ ಮೇಲೆ ಮಗ್ಗುಲಾಗಿ ಮಲಗಿಸಿದ್ದ. ಸೀಟಿನ ಕೆಳಗಿದ್ದ ತಗಡಿನ ಡಬ್ಬಿಯ ಮುಚ್ಚಳ ಬಿಚ್ಚಿದ್ದೇ ತಡ, ಬಣ್ಣಬಣ್ಣದ ವೈರುಗಳು ಇಷ್ಟು ದಿನ ಉಸಿರು ಕಟ್ಟಿಕೊಂಡಿದ್ದವರಂತೆ ಹೊರಗೆ ಚಿಮ್ಮಿದ್ದವು.

ಮಂಚದ ಮೇಲೆ ಗೋಡೆಗೊರಗಿ ಕೂತಿದ್ದ ಅವಳು ನಕ್ಕಳು. "ಅಪ್ಪನ್ನ ಬೈದು ಮುಗಿಸಿ ಆಮೇಲೆ ಕೆಲಸ ಶುರು ಮಾಡ್ತೀರಾ ಚಿಕ್ಕಪ್ಪ, ಇಲ್ಲ ಎರಡೂ ಒಟ್ಟಿಗೇನಾ?"

"ಎರಡೂ ಒಟ್ಟಿಗೇ. ನಿಮ್ಮಪ್ಪನ ಕೆಲಸ ನೋಡ್ಕೊಂಡು ಬಾಯಿ ಮುಚ್ಕೊಂಡಿರೋದು ನನ್ನ ಕೈಲಿ ಯಾವತ್ತೂ ಆಗಿಲ್ಲ."

ನಿಜ, ಆಗಿರಲಿಲ್ಲ. ಇಸ್ತ್ರಿ ಅವಳ ಸ್ವಂತ ಚಿಕ್ಕಪ್ಪನಲ್ಲ, ಬಟ್ಟೆಗೆ ಇಸ್ತ್ರಿ ಹಾಕುವವನೂ ಅಲ್ಲ. ಅವಳ ಅಪ್ಪನೂ ಅವನೂ ಸೇರಿ ಒಂದೇ ಮೇಜಿನ ಎರಡು ಬದಿಗೆ ಕೂತು ಆಯುಷ್ಯವೆಲ್ಲ ರೇಡಿಯೋ, ಆಂಪ್ಲಿಫೈಯರ್ ರಿಪೇರಿ ಮಾಡಿದವರು. ಇವನು ಜೋಡಿಸಿದ ವೈರುಗಳು ಇಸ್ತ್ರಿ ಹೊಡೆದ ಹಾಗೆ ನೆಟ್ಟಗೆ ಮಲಗಿರುತ್ತಿದ್ದವು. ಅವಳ ಅಪ್ಪ ಜೋಡಿಸಿದ್ದು ಗುಬ್ಬಚ್ಚಿ ಕಟ್ಟಿದ ಗೂಡು. ಗಿರಾಕಿಗಳು ಒಬ್ಬನನ್ನು ಇಸ್ತ್ರಿ ಅಂದರು, ಇನ್ನೊಬ್ಬನನ್ನು ಗೂಡು ಅಂದರು. ಹೆತ್ತವರು ಇಟ್ಟ ಹೆಸರು ಹಿಡಿದು ಕರೆಯುವವರೇ ಇಲ್ಲವಾದರು. ಇಸ್ತ್ರಿಗೆ ಹೊಟ್ಟೆ ಉರಿಯುತ್ತಿದ್ದದ್ದು ಒಂದೇ ವಿಷಯಕ್ಕೆ. ನೋಡಿದರೆ ವಾಕರಿಕೆ ಬರುವಂತಿದ್ದ ಆ ಗೂಡುಗಳು ಯಾವತ್ತೂ ಕೆಟ್ಟು ವಾಪಸ್ಸು ಬರುತ್ತಿರಲಿಲ್ಲ. ಎರಡು ತಿಂಗಳ ಹಿಂದೆ ಗೂಡು ನಿದ್ದೆಯಲ್ಲೇ ಹೋಗಿಬಿಟ್ಟ. ಅಂದಿನಿಂದ ಮೇಜಿನ ಎದುರು ಬದಿ ಖಾಲಿ. ಬೈಯಲು ಯಾರೂ ಇಲ್ಲದೆ ಇಸ್ತ್ರಿಯ ನಾಲಿಗೆಗೆ ರುಚಿಯೇ ಕೆಟ್ಟುಹೋಗಿತ್ತು.

ಈ ಕುರ್ಚಿ ಗೂಡುವಿನದೇ ಕೈಕೆಲಸ. ಎರಡನೇ ಮಗಳ ಕಾಲು ಸೋತು ಅವಳು ಮಂಚ ಹಿಡಿದಾಗ, ಗುಜರಿಯಿಂದ ಎರಡು ಮೋಟಾರು ತಂದು, ಚೌಕಟ್ಟು ವೆಲ್ಡ್ ಮಾಡಿಸಿ, ಸರ್ಕ್ಯೂಟನ್ನು ತಾನೇ ಕೂತು ಬೆಸೆದಿದ್ದ. ಅದರಲ್ಲಿ ಕಂಪ್ಯೂಟರಿನ ಬುದ್ಧಿ ಎಳ್ಳಷ್ಟೂ ಇಲ್ಲ. ಬಲಗೈ ಇಡುವಲ್ಲಿ ಒಂದು ಹಿಡಿ. ಹಿಡಿಯ ಬುಡದಲ್ಲಿ ರೇಡಿಯೋದ ವಾಲ್ಯೂಮ್ ಕಂಟ್ರೋಲಿನಂಥವೇ ಎರಡು, ಹಿಂದೆ ಮುಂದೆಗೊಂದು, ಎಡ ಬಲಕ್ಕೊಂದು. ಹಿಡಿ ಎಷ್ಟು ವಾಲಿತು ಎಂಬುದು ಅಲ್ಲಿ ವೋಲ್ಟೇಜಾಗಿ, ಬೋರ್ಡಿಗೆ ಬಂದು, ದಪ್ಪ ಟ್ರಾನ್ಸಿಸ್ಟರುಗಳ ಮೂಲಕ ಮೋಟಾರಿಗೆ ಹೋಗುತ್ತದೆ. ಬೆರಳು ಹೇಳಿದ್ದನ್ನು ಗಾಲಿಗೆ ಮುಟ್ಟಿಸಬೇಕು, ಅಷ್ಟೇ ಅದರ ಚಾಕರಿ.

ಆ ಕುರ್ಚಿಯಲ್ಲೇ ಅವಳು ದಿನಾ ಬಸ್ ನಿಲ್ದಾಣಕ್ಕೆ ಹೋಗಿ, ಗಾಜಿನ ಕೋಣೆಯಲ್ಲಿ ಕೂತು, ಯಾವ ಬಸ್ಸು ಎಲ್ಲಿಗೆ ಎಷ್ಟು ಹೊತ್ತಿಗೆ ಎಂದು ಮೈಕಿನಲ್ಲಿ ಹೇಳುತ್ತಿದ್ದಳು. ಡ್ರೈವರುಗಳು ಅವಳಿಗೆ ಮೈಕಮ್ಮ ಎಂದು ಹೆಸರಿಟ್ಟಿದ್ದರು. ಊರಿಗೆ ಊರೇ ಅವಳ ದನಿಗೆ ಓಡಿ ಬಸ್ಸು ಹತ್ತುತ್ತಿತ್ತು. ಮುಖ ನೋಡಿದವರು ಕಡಿಮೆ.

ಕಾಲಿಗೆ ಬಂದ ಕಾಯಿಲೆ ಆಮೇಲೆ ಬಲಗೈಗೂ ಸಣ್ಣಗೆ ಕಾಲಿಟ್ಟಿತ್ತು. ಎಡಗೈ ಮೊದಲಿನಿಂದಲೂ ಲೆಕ್ಕಕ್ಕಿಲ್ಲ. ಬಲಗೈ ಇನ್ನೂ ಕೆಡಬಹುದು, ಇದ್ದಲ್ಲೇ ನಿಂತರೂ ನಿಲ್ಲಬಹುದು ಎಂದಿದ್ದರು ಡಾಕ್ಟರು. ನಿಂತಿದೆ ಎಂದು ಮೈಕಮ್ಮ ತೀರ್ಮಾನಿಸಿದ್ದಳು. ಸುಮ್ಮನೆ ಆಸೆಗೆ ಬಿದ್ದು ಮಾಡಿದ ತೀರ್ಮಾನವಲ್ಲ, ಪರೀಕ್ಷೆ ಮಾಡಿಯೇ ಮಾಡಿದ್ದು. ಕೋಣೆಯಿಂದ ಅಡುಗೆಮನೆಗೆ ಹೋಗುವ ಬಾಗಿಲು ಇಕ್ಕಟ್ಟು. ಕುರ್ಚಿ ತೂರಿದರೆ ಆ ಕಡೆ ಎರಡು ಬೆರಳು, ಈ ಕಡೆ ಎರಡು ಬೆರಳು ಜಾಗ. ದಿನಾ ಬೆಳಿಗ್ಗೆ ಎದ್ದವಳೇ ಆ ಬಾಗಿಲು ದಾಟುತ್ತಿದ್ದಳು. ವರ್ಷಗಳಿಂದ ಒಂದು ದಿನವೂ ಚೌಕಟ್ಟಿಗೆ ತಾಗಿಸಿರಲಿಲ್ಲ. "ಲೋಟ ಹಿಡಿದಾಗ ಯಾರ ಕೈಯಾದ್ರೂ ನಡುಗುತ್ತೆ. ಒಂದಿನ ನಿದ್ದೆ ಇರಲ್ಲ, ಒಂದಿನ ಚಳಿ ಇರುತ್ತೆ. ಕುರ್ಚಿ ಹಾಗಲ್ಲ, ಅದು ಸುಳ್ಳು ಹೇಳಲ್ಲ," ಎನ್ನುತ್ತಿದ್ದಳು.

ಅಪ್ಪ ಹೋದಮೇಲೆ ಅಕ್ಕ ಬಂದು, ಒಬ್ಬಳೇ ಹೇಗಿರ್ತೀಯ, ನಮ್ಮ ಜೊತೆ ಬಂದುಬಿಡು ಎಂದು ಹಟ ಹಿಡಿದಳು. ಅಕ್ಕನ ಮನೆ ಬೇರೆ ಊರು, ಮೂರನೇ ಮಹಡಿ, ಲಿಫ್ಟಿಲ್ಲ. ಅಲ್ಲಿಗೆ ಹೋದರೆ ಮೈಕೂ ಇಲ್ಲ, ಬಸ್ಸೂ ಇಲ್ಲ, ಕಿಟಕಿಯೊಂದೇ ಗತಿ. ಇಬ್ಬರೂ ಅತ್ತು ಕರೆದು ಕೊನೆಗೆ ಒಂದು ಒಪ್ಪಂದಕ್ಕೆ ಬಂದರು. "ಕುರ್ಚಿ ನೆಟ್ಟಗೆ ಓಡೋ ತನಕ ನಾನು ಎಲ್ಲಿಗೂ ಬರಲ್ಲ. ಅದು ಚೌಕಟ್ಟಿಗೆ ಗುದ್ದಿದ ದಿನ ನೀನೇ ಬಂದು ಕರ್ಕೊಂಡು ಹೋಗು, ತುಟಿ ಪಿಟಕ್ ಅನ್ನಲ್ಲ," ಎಂದಿದ್ದಳು ಮೈಕಮ್ಮ. ಮಾತಿಗೆ ಇಸ್ತ್ರಿಯೇ ಸಾಕ್ಷಿಯಾಗಿ ಕೂತಿದ್ದ.

ಆ ಕುರ್ಚಿ ಮೊನ್ನೆ ಅಂಗಳದಲ್ಲಿ ನಿಂತಲ್ಲೇ ನಿಂತುಬಿಟ್ಟಿತ್ತು. ಕೆಲಸಕ್ಕೆ ಹೋಗಲಾರದೆ ಅವಳು ಮಂಚದ ಮೇಲಿದ್ದಳು.

ರೋಗ ಪತ್ತೆಯಾಗಲು ಹೊತ್ತು ಹಿಡಿಯಲಿಲ್ಲ. ಹಿಡಿಯ ಬುಡದ ಕಂಟ್ರೋಲ್ ಸವೆದಿತ್ತು. ಒಳಗಿನ ಕಪ್ಪು ಪಟ್ಟಿಯ ನಟ್ಟನಡುವೆ, ಉಗುರಿನಗಲ ಜಾಗ ಮಾತ್ರ ತಿಕ್ಕಿ ತಿಕ್ಕಿ ಬೆಳ್ಳಗಾಗಿತ್ತು. ಅತ್ತಿತ್ತ ಹೊಸದರ ಹಾಗೇ ಇತ್ತು. ಇದೇನು ಹೀಗೆ ಎಂದು ಇಸ್ತ್ರಿ ಒಂದು ಗಳಿಗೆ ನೋಡಿದ. ಸವೆದರೆ ಪಟ್ಟಿ ಉದ್ದಕ್ಕೂ ಸವೆಯಬೇಕು. ಹಳೇ ಮಾಲು, ಹೇಗೋ ಸವೆದಿರಬೇಕು ಎಂದುಕೊಂಡು ಎರಡಕ್ಕೂ ಹೊಸದು ಕೂರಿಸಿದ.

ಅಲ್ಲಿಗೆ ಮುಚ್ಚಳ ಹಾಕಿ ಎದ್ದಿದ್ದರೆ ಆಗಿಹೋಗುತ್ತಿತ್ತು. ಆದರೆ ಇಸ್ತ್ರಿ ಇಸ್ತ್ರಿಯೇ ತಾನೆ. ಬೋರ್ಡಿನ ಮೂಲೆಯಲ್ಲಿ, ಕಂಟ್ರೋಲಿನ ವೈರು ಬಂದು ಸೇರುವಲ್ಲಿ ಅವನ ಕಣ್ಣು ಸಿಕ್ಕಿಕೊಂಡಿತು. ಒಂದು ಕೆಪಾಸಿಟರ್ ಇರಬೇಕಾದ ಕಡೆ ಮೂರು, ಒಂದರ ಬೆನ್ನ ಮೇಲೊಂದು, ಕಾಲಿಗೆ ಕಾಲು ಸುತ್ತಿಕೊಂಡು ಕೂತಿದ್ದವು. ಎಡ ಬಲದ ದಾರಿಯಲ್ಲೂ ಅಷ್ಟೇ, ಹಿಂದೆ ಮುಂದಿನ ದಾರಿಯಲ್ಲೂ ಅಷ್ಟೇ.

ರಿಪೇರಿಯವರಿಗೆಲ್ಲ ಗೊತ್ತಿರುವ ಸೋಮಾರಿತನ ಇದು. ಕೆಪಾಸಿಟರ್ ವರ್ಷಗಳು ಕಳೆದ ಹಾಗೆ ಒಳಗೇ ಒಣಗುತ್ತದೆ. ಸತ್ತದ್ದನ್ನು ಕಿತ್ತು ಹೊಸದನ್ನು ಹಾಕಬೇಕು. ಕೀಳುವ ಕಷ್ಟ ಯಾರಿಗೆ ಬೇಕು ಎಂದು ಕೆಲವರು ಸತ್ತದ್ದರ ಮೇಲೇ ಹೊಸದನ್ನು ಬೆಸೆದು ಕೈ ತೊಳೆದುಕೊಳ್ಳುತ್ತಾರೆ. ಇಸ್ತ್ರಿ ತನ್ನ ಜನ್ಮದಲ್ಲಿ ಹಾಗೆ ಮಾಡಿದವನಲ್ಲ.

"ನೋಡು ನಿಮ್ಮಪ್ಪನ ಕಾರುಬಾರು," ಎಂದ, ಬೋರ್ಡನ್ನು ಅವಳ ಕಡೆ ತಿರುಗಿಸಿ. "ಒಣಗಿದ್ದನ್ನ ಕೀಳೋಕೂ ಸೋಮಾರಿತನ. ಹೆಣದ ಮೇಲೆ ಹೆಣ ಪೇರಿಸಿದ್ದಾನೆ."

"ಹೌದು, ಆಗಾಗ ಬಿಚ್ಚಿ ಕೂರ್ತಿದ್ರು. ಕುರ್ಚಿ ಒಂಚೂರು ತಡವರಿಸಿದ್ರೆ ಸಾಕು, ಕೆಪಾಸಿಟರ್ ಒಣಗಿದೆ ಮಗಳೇ ಅಂತಿದ್ರು. ಮಾರನೇ ದಿನ ಸರಿಹೋಗಿರೋದು." ಅವಳು ಕತ್ತು ಚಾಚಿ ನೋಡಿದಳು. "ಏನು ಮಾಡುತ್ತೆ ಅದು?"

"ಅದಾ? ತೊಟ್ಟಿ ಅಂತ ತಿಳ್ಕೋ. ಕೊಡದಿಂದ ನೇರ ಹೊಯ್ದರೆ ನೀರು ದಡಬಡ ಅಂತ ಬೀಳುತ್ತೆ. ಮಧ್ಯ ಒಂದು ತೊಟ್ಟಿ ಇಟ್ಟು, ಅದಕ್ಕೆ ನಲ್ಲಿ ಇಟ್ರೆ, ಕೊಡ ಎಷ್ಟು ಕುಲುಕಿದ್ರೂ ನಲ್ಲಿ ನೀರು ಒಂದೇ ಸಮ ಬರುತ್ತೆ. ಹಿಡಿ ಒಂಚೂರು ಅಲುಗಿದ್ದನ್ನೆಲ್ಲ ಮೋಟಾರಿಗೆ ಹೇಳ್ತಾ ಕೂರಬಾರದಲ್ಲ, ಅದಕ್ಕೆ."

"ತೊಟ್ಟಿ ದೊಡ್ಡದಾದ್ರೆ?"

"ನೀರು ಇನ್ನೂ ಸಮ ಬರುತ್ತೆ. ಆದ್ರೆ ಕೊಡ ಕೆಳಗಿಟ್ಟ ಮೇಲೂ ನಲ್ಲಿ ಸುರೀತಾನೇ ಇರುತ್ತೆ. ಅದಕ್ಕೇ ಈ ಕುರ್ಚಿ ಕೈ ಬಿಟ್ಟ ಮೇಲೂ ಎಳ್ಕೊಂಡು ಹೋಗ್ತಿತ್ತು ಅನ್ಸುತ್ತೆ."

"ಹೋಗ್ತಿತ್ತು. ನಾನು ಒಂದಡಿ ಮುಂಚೇನೇ ಕೈ ಬಿಡ್ತಿದ್ದೆ. ರೂಢಿಯಾಗಿಬಿಟ್ಟಿತ್ತು."

"ಇನ್ನು ಮೇಲೆ ಬೇಡ ಬಿಡು," ಎಂದು ಇಸ್ತ್ರಿ ಸಾಲ್ಡರಿಂಗ್ ಐರನ್ ಹಚ್ಚಿ, ಆ ರಾಶಿಯನ್ನು ಕಿತ್ತು ಡಬ್ಬಿಯ ಮುಚ್ಚಳದಲ್ಲಿ ಹಾಕಿದ. ತೀರಾ ಕೆಳಗಿದ್ದ ಮೊದಲನೆಯದರ ಅಳತೆಯದೇ ಹೊಸದೊಂದನ್ನು ಆ ಕಡೆ, ಇನ್ನೊಂದನ್ನು ಈ ಕಡೆ ಕೂರಿಸಿದ. ವೈರುಗಳನ್ನೆಲ್ಲ ಸಾಲಾಗಿ ಮಲಗಿಸಿ ಕಟ್ಟಿದ. ನೋಡಲು ಅಚ್ಚುಕಟ್ಟಾಗಿತ್ತು. ಗೂಡು ಎದುರಿಗಿದ್ದಿದ್ದರೆ ತೋರಿಸಿ ಮೂದಲಿಸಬಹುದಾಗಿತ್ತು ಎನಿಸಿ ಮನಸ್ಸು ಒಂದು ಕ್ಷಣ ಮುದುಡಿತು.

ಕುರ್ಚಿಯನ್ನು ನೆಟ್ಟಗೆ ನಿಲ್ಲಿಸಿ ತಾನೇ ಕೂತ. ಹಿಡಿ ಮುಟ್ಟಿದ್ದೇ ತಡ, ಕುರ್ಚಿ ಹೊರಟಿತು. ಅಡುಗೆಮನೆಯ ಬಾಗಿಲನ್ನು ಎರಡೂ ಕಡೆ ಜಾಗ ಬಿಟ್ಟು ದಾಟಿತು, ತಿರುಗಿತು, ವಾಪಸ್ಸು ಬಂತು. ಕೈ ಬಿಟ್ಟಲ್ಲೇ ಟಕ್ಕನೆ ನಿಂತಿತು.

"ಬೆಣ್ಣೆ!" ಎಂದ ಇಸ್ತ್ರಿ. "ನಿಮ್ಮಪ್ಪ ಇದನ್ನ ಎತ್ತಿನಗಾಡಿ ಮಾಡಿಟ್ಟಿದ್ದ. ಈಗ ಕೂತು ನೋಡು."

ಅವಳು ಮಂಚದಿಂದ ಕುರ್ಚಿಗೆ ಹಲಗೆ ಇಟ್ಟುಕೊಂಡು ಜಾರಿ ಕೂತಳು. ಅದನ್ನು ನೋಡಬಾರದೆಂದು ಇಸ್ತ್ರಿ ಯಾವಾಗಲೂ ಆಚೆ ತಿರುಗಿರುತ್ತಿದ್ದ. ಇವತ್ತೂ ತಿರುಗಿ ಸ್ಕ್ರೂಗಳನ್ನು ಆರಿಸತೊಡಗಿದ. ಹಿಂದೆ ಮೋಟಾರು ಗುಂಯ್ ಎಂದಿತು. ಆಮೇಲೆ ಬಂದ ಸದ್ದು ಅವನು ಕೇಳಿದ್ದಲ್ಲ. ಗುಂಯ್, ಗುಂಯ್, ಗುಂಯ್ ಎಂದು ತುಂಡು ತುಂಡಾಗಿ, ಬಿಕ್ಕುವ ಹಾಗೆ. ತಿರುಗಿ ನೋಡುವಷ್ಟರಲ್ಲಿ ಕುರ್ಚಿ ಎಡಕ್ಕೆ ಬಲಕ್ಕೆ ಕೊಸರಾಡುತ್ತ ಹೋಗಿ ಅಡುಗೆಮನೆಯ ಚೌಕಟ್ಟಿಗೆ ದಢಾರನೆ ಗುದ್ದಿತು. ಬಣ್ಣದ ಚಕ್ಕೆಯೊಂದು ನೆಲಕ್ಕೆ ಬಿತ್ತು.

ಇಸ್ತ್ರಿ ಓಡಿಹೋಗಿ ಕುರ್ಚಿಯನ್ನು ಹಿಂದಕ್ಕೆ ಎಳೆದ.

"ಏನೋ ಎಡವಟ್ಟಾಗಿದೆ ಚಿಕ್ಕಪ್ಪ," ಎಂದಳು ಅವಳು, ನಗುತ್ತಲೇ. "ಅಕ್ಕನಿಗೆ ಹೇಳಿಬಿಟ್ಟೀರಿ ಮತ್ತೆ. ಇದು ಲೆಕ್ಕಕ್ಕಿಲ್ಲ."

"ಲೆಕ್ಕಕ್ಕಿಲ್ಲ, ಲೆಕ್ಕಕ್ಕಿಲ್ಲ. ಎಲ್ಲೋ ವೈರು ಸಡಿಲ ಆಗಿದೆ. ಇಳಿ."

ವೈರು ಸಡಿಲವಾಗಿರಲಿಲ್ಲ. ಇಸ್ತ್ರಿ ಒಂದೊಂದನ್ನೂ ಎಳೆದು ನೋಡಿದ. ಬ್ಯಾಟರಿ ನೋಡಿದ. ತಾನು ಕೂತು ಮತ್ತೊಂದು ಸುತ್ತು ಹೊಡೆದ. ಕುರ್ಚಿ ಗೆರೆ ಎಳೆದ ಹಾಗೆ ಓಡಿತು. ಅವಳು ಕೂತಳು, ಮತ್ತೆ ಅದೇ ಬಿಕ್ಕು, ಅದೇ ಕೊಸರಾಟ. ಈ ಸಲ ಅವಳು ಬಾಗಿಲಿನ ತನಕ ಹೋಗದೆ ಕೋಣೆಯ ನಡುವೆಯೇ ಕೈ ಬಿಟ್ಟಳು. ಇಸ್ತ್ರಿ ಕುರ್ಚಿಯನ್ನು ಮಂಚದ ಬಳಿಗೆ ತಳ್ಳಿದ, ಅವಳು ನಗದೆ ಮಂಚಕ್ಕೆ ಜಾರಿದಳು.

ಇಸ್ತ್ರಿಯ ಅಂಗಿ ಬೆವರಿಗೆ ಬೆನ್ನಿಗಂಟಿತು. ಏನೂ ತೋಚದೆ, ಕಿತ್ತು ಹಾಕಿದ್ದ ಹಳೆಯವನ್ನು ಒಂದೊಂದಾಗಿ ಎತ್ತಿ ಮೀಟರಿಗೆ ಕೊಟ್ಟ. ಮೊದಲನೆಯದರ ಹೊದಿಕೆ ಬಿಸಿಲಿಗಿಟ್ಟ ಬಟ್ಟೆಯ ಹಾಗೆ ಬಣ್ಣಗೆಟ್ಟಿತ್ತು. ಮೀಟರು ನೋಡಿದರೆ, ಅದು ಒಣಗಿರಲಿಲ್ಲ. ಮೈಮೇಲೆ ಬರೆದ ಅಳತೆಯಷ್ಟನ್ನೂ ಹಿಡಿಯುತ್ತಿತ್ತು. ಎರಡನೆಯದು ಒಣಗಿರಲಿಲ್ಲ. ಮೂರನೆಯದಂತೂ ಹೊಸದೇ, ಅದರ ಕಾಲಿನ ಬೆಸುಗೆ ಇನ್ನೂ ಫಳಫಳ ಹೊಳೆಯುತ್ತಿತ್ತು.

ಆಗ ಅವನು ಅಳತೆಗಳನ್ನು ಓದಿದ. ಒಣಗಿದ್ದರ ಬದಲಿಗೆ ಹಾಕುವವನು ಅದೇ ಅಳತೆಯದನ್ನು ಹಾಕುತ್ತಾನೆ. ಇಲ್ಲಿ ಎರಡನೆಯದು ಮೊದಲನೆಯದರ ಎರಡರಷ್ಟಿತ್ತು. ಮೂರನೆಯದು ಎರಡನೆಯದರ ಎರಡರಷ್ಟು.

ಗೂಡು ರಿಪೇರಿ ಮಾಡಿರಲೇ ಇಲ್ಲ. ಮಗಳ ಕೈ ನಡುಗಿದಾಗಲೆಲ್ಲ ತೊಟ್ಟಿಯನ್ನು ದೊಡ್ಡದು ಮಾಡುತ್ತ ಬಂದಿದ್ದ. ಕೈ ಒಂದು ಸುತ್ತು ಕೆಟ್ಟಾಗ ಒಂದು, ಇನ್ನೊಂದು ಸುತ್ತು ಕೆಟ್ಟಾಗ ಇನ್ನೊಂದು. ನಡುಕವನ್ನೆಲ್ಲ ಅವು ನುಂಗಿಕೊಂಡು ಕೂತಿದ್ದವು. ಕಂಟ್ರೋಲಿನ ಆ ಉಗುರಿನಗಲ ಜಾಗವನ್ನು ತಿಕ್ಕಿ ಸವೆಸಿದ್ದೂ ಅದೇ ನಡುಕ. ಅಲುಗಾಡದೆ ಹಿಡಿದಿದ್ದೇನೆ ಎಂದು ಅವಳು ಮಾತ್ರ ನಂಬಿದ್ದಳು. ಈ ಬೋರ್ಡಿನಲ್ಲಿ ಉಳಿದ ಪ್ರತಿಯೊಂದು ಸಾಮಾನೂ ಕುರ್ಚಿಗಾಗಿ ಇತ್ತು. ಇವು ಮಾತ್ರ ಅವಳ ಕೈಗಾಗಿ ಇದ್ದವು.

ಇಸ್ತ್ರಿಗೆ ಮೊದಲು ಬಂದದ್ದು ಸಿಟ್ಟು. ದಿನಾ ಎದುರಾಬದುರು ಕೂತು ಒಂದೇ ಡಬ್ಬಿಯಲ್ಲಿ ಉಂಡವನು, ನನಗೂ ಒಂದು ಮಾತು ಹೇಳಲಿಲ್ಲವಲ್ಲ. ಅದರ ಹಿಂದೆಯೇ ನಾಚಿಕೆ ಬಂತು. ಹೆಣದ ಮೇಲೆ ಹೆಣ ಎಂದು ಹಾಸ್ಯ ಮಾಡಿದ್ದ ನಾಲಿಗೆಯನ್ನು ಕಚ್ಚಿ ತುಂಡು ಮಾಡಬೇಕೆನಿಸಿತು.

"ಏನಂತೆ?" ಎಂದಳು ಅವಳು.

"ಏನಿಲ್ಲ. ನಾನು ಹಾಕಿದ್ದೇ ಡೂಪ್ಲಿಕೇಟು. ಅಂಗಡಿಯವನು ಟೋಪಿ ಹಾಕಿದ್ದಾನೆ."

"ಹಾಗಿದ್ರೆ ನೀವು ಕೂತಾಗ ಯಾಕೆ ನೆಟ್ಟಗೆ ಓಡ್ತು?"

"ಅದು... ತೂಕದ ಮೇಲೆ ಹೋಗುತ್ತೆ. ಮೋಟಾರಿಗೆ ಲೋಡು ಬಿದ್ದಾಗ..."

"ನಾನು ನಿಮ್ಮ ಅರ್ಧನೂ ಇಲ್ಲ ಚಿಕ್ಕಪ್ಪ."

ಇಸ್ತ್ರಿ ಮೀಟರಿನ ವೈರನ್ನು ಬೆರಳಿಗೆ ಸುತ್ತತೊಡಗಿದ. ಮನುಷ್ಯರ ವಿಷಯದಲ್ಲಿ ಅವನು ಬೇಕಾದಷ್ಟು ಸುಳ್ಳು ಹೇಳಿದ್ದ, ಗಿರಾಕಿಗಳಿಗೆ ನಾಳೆ ಬನ್ನಿ ಎಂದು ದಿನಕ್ಕೆ ಹತ್ತು ಸಲ ಹೇಳಿದ್ದ. ಸರ್ಕ್ಯೂಟಿನ ವಿಷಯದಲ್ಲಿ ಹೇಳಿ ಅಭ್ಯಾಸವಿರಲಿಲ್ಲ.

ಅವಳು ಮುಚ್ಚಳದಲ್ಲಿ ಬಿದ್ದಿದ್ದ ರಾಶಿಯನ್ನೇ ನೋಡುತ್ತಿದ್ದಳು. "ಅವು ಒಣಗಿದ್ವಾ?"

"ಇಲ್ಲ ಮಗಳೇ. ಒಂದೂ ಒಣಗಿರಲಿಲ್ಲ."

ಅಡುಗೆಮನೆಯಲ್ಲಿ ನಲ್ಲಿಯಿಂದ ಒಂದು ಹನಿ ಬಿತ್ತು, ಇನ್ನೊಂದು ಬಿತ್ತು. "ಅಪ್ಪ ತೊಟ್ಟಿ ದೊಡ್ಡದು ಮಾಡ್ತಾ ಬಂದ್ರು," ಎಂದಳು ಅವಳು. ಬಸ್ಸು ಅರ್ಧ ಗಂಟೆ ತಡ ಎಂದು ಮೈಕಿನಲ್ಲಿ ಹೇಳುವ ದನಿ ಅದು, ಏರಿಳಿತವೇ ಇಲ್ಲ. "ಕೊನೇದು ಯಾವಾಗ ಹಾಕಿದ್ದು?"

"ಬೆಸುಗೆ ಹೊಸದಿದೆ. ಅವನು ಹೋಗೋಕೆ ಸ್ವಲ್ಪ ದಿನ ಮುಂಚೆ."

"ಆವತ್ತು ಬಾಗಿಲು ದಾಟಿ ಬಂದು ಅಪ್ಪನ್ನ ಕೂಗಿ ಕರೆದೆ. ನೋಡಿ ಅಪ್ಪ, ಒಂದು ಕೂದಲೆಳೆಯಷ್ಟೂ ಆಚೀಚೆ ಹೋಗಲಿಲ್ಲ ಅಂದೆ. ಭೇಷ್ ಅಂದ್ರು. ಅಂದು ಹಿತ್ತಲಿಗೆ ಹೋದ್ರು. ಎಷ್ಟು ಹೊತ್ತಾದ್ರೂ ಬರಲಿಲ್ಲ." ಅವಳು ಕಣ್ಣಿನಲ್ಲೇ ಆ ರಾಶಿಯನ್ನು ತೋರಿಸಿದಳು. "ಅವನ್ನ ವಾಪಸ್ ಹಾಕಿ ಚಿಕ್ಕಪ್ಪ."

ಇಸ್ತ್ರಿ ಹಾಕಿದ. ತಾನು ಕೂರಿಸಿದ್ದ ಅಚ್ಚುಕಟ್ಟಾದ ಒಂಟಿಗಳನ್ನು ಕಿತ್ತು, ಗೂಡುವಿನ ಆ ಕೊಳಕು ರಾಶಿಯನ್ನು ಇದ್ದ ಹಾಗೇ, ಒಂದರ ಬೆನ್ನ ಮೇಲೊಂದು, ಮೊದಲಿನ ಜಾಗದಲ್ಲೇ ಬೆಸೆದ. ಕಣ್ಣು ಮಂಜಾಗಿ ಎರಡು ಸಲ ಕೈ ಸುಟ್ಟುಕೊಂಡ.

"ಮುಂದೆ ಬೇಕಾದ್ರೆ, ಇನ್ನೊಂದು ಹಾಕಬಹುದಾ?"

ಅವನು ತಲೆಯೆತ್ತಲಿಲ್ಲ. "ಹಾಕೋಕೆ ಜಾಗ ಇದೆ. ಆದ್ರೆ ಕುರ್ಚಿ ನಿಲ್ಲು ಅಂದಾಗ ನಿಲ್ಲಲ್ಲ. ಈಗಲೇ ಒಂದಡಿ ಎಳ್ಕೊಂಡು ಹೋಗುತ್ತೆ. ಇನ್ನೊಂದು ಹಾಕಿದ್ರೆ ಎಷ್ಟು ದೂರ ಹೋಗುತ್ತೋ. ನಿಲ್ದಾಣದಲ್ಲಿ ಬಸ್ಸುಗಳು ಹಿಂದಕ್ಕೆ ಬರ್ತಾ ಇರ್ತವೆ..."

"ಗೊತ್ತಾಯ್ತು."

"ನಿಮ್ಮಪ್ಪನಿಗೂ ಗೊತ್ತಿತ್ತು ಕಣೇ. ಇದೇ ಕೊನೇದು ಅಂತ."

ಅವಳು ಹಲಗೆ ಇಟ್ಟುಕೊಂಡು ಜಾರಿ ಕೂತಳು. ಈ ಸಲ ಇಸ್ತ್ರಿ ಆಚೆ ತಿರುಗುವುದನ್ನು ಮರೆತ. ಕುರ್ಚಿ ಮೆಲ್ಲಗೆ ಹೊರಟಿತು, ಒಂದೇ ಸಮ, ದೊಡ್ಡ ಮನುಷ್ಯರ ಗತ್ತಿನಲ್ಲಿ. ಬಣ್ಣ ಎದ್ದಿದ್ದ ಚೌಕಟ್ಟಿನ ನಡುವೆ ಅತ್ತ ಎರಡು ಬೆರಳು, ಇತ್ತ ಎರಡು ಬೆರಳು ಬಿಟ್ಟು ದಾಟಿತು. ಒಳಗೆ ತಿರುಗಿಸಿಕೊಂಡು ಅದೇ ಬಾಗಿಲಿನಿಂದ ಹೊರಗೆ ಬಂದಳು. ಎಲ್ಲಿಯೂ ತಾಗಲಿಲ್ಲ. ಒಂದಡಿ ಮುಂಚೆಯೇ ಕೈ ಬಿಟ್ಟಳು. ಕುರ್ಚಿ ತೆವಳಿಕೊಂಡು ಬಂದು ಇಸ್ತ್ರಿಯ ಮೊಣಕಾಲಿನ ಹತ್ತಿರ ನಿಂತಿತು.

"ನೆಟ್ಟಗೆ ಓಡುತ್ತಲ್ಲ," ಎಂದಳು. "ಅಕ್ಕನ ಹತ್ರ ನಾನು ಮಾತಾಡಿದ್ದು ಕುರ್ಚಿ ಬಗ್ಗೆ. ಕೈ ಬಗ್ಗೆ ಅಲ್ಲ."

"ಹೌದಮ್ಮ. ಕುರ್ಚಿ ಬಗ್ಗೆನೇ. ನಾನೇ ಸಾಕ್ಷಿ."

ಅದು ತಮಾಷೆ ಎಂದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ನಗಲಿಲ್ಲ. ನಾಳೆ ಎಷ್ಟು ಹೊತ್ತಿಗೆ ಕೆಲಸಕ್ಕೆ ಹೊರಡುತ್ತೀಯ ಎಂದು ಕೇಳಬೇಕೆಂದುಕೊಂಡ ಇಸ್ತ್ರಿ. ಕೇಳಲು ಧೈರ್ಯ ಬರಲಿಲ್ಲ. ಐರನ್ನಿನ ವೈರು ಕಿತ್ತು, ಸಾಮಾನುಗಳನ್ನು ಚೀಲಕ್ಕೆ ತುಂಬತೊಡಗಿದ.

ಬೆನ್ನ ಹಿಂದೆ ಸ್ವಿಚ್ಚು ಆರಿಸಿದ ಸದ್ದಾಯಿತು. ಮೋಟಾರಿನ ಗುಂಯ್ ನಿಂತು ಕೋಣೆ ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ ಇನ್ನೊಂದು ಸದ್ದು ಕೇಳತೊಡಗಿತು, ಸಣ್ಣದು, ಟಿಕಿಟಿಕಿಟಿಕಿ ಎಂದು, ಬಿಡುವಿಲ್ಲದೆ. ಯಾವ ಸ್ಕ್ರೂ ಉಳಿಯಿತು ಎಂದು ಇಸ್ತ್ರಿ ತಿರುಗಿದ.

ಅವಳು ಸ್ವಿಚ್ಚು ಆರಿಸಿದ ಕುರ್ಚಿಯಲ್ಲಿ ಕೂತು ಹಿಡಿಯ ಮೇಲೆ ಕೈಯಿಟ್ಟು, ಬಾಗಿ, ತನ್ನ ಕೈಯನ್ನೇ ನೋಡುತ್ತಿದ್ದಳು. ಹಿಡಿಯ ಬುಡ ಸುತ್ತಲಿನ ತಗಡಿನ ಬಳೆಗೆ ಬಡಿದುಕೊಳ್ಳುತ್ತಿತ್ತು. ಅವಳು ಹಲ್ಲು ಕಚ್ಚಿ, ಬೆರಳುಗಳೆಲ್ಲ ಬೆಳ್ಳಗಾಗುವಂತೆ, ಇನ್ನೂ ಬಿಗಿಯಾಗಿ ಹಿಡಿದಳು. ಸದ್ದು ಜೋರಾಯಿತು.